ಶಾಲೆಯಿಂದ ಲೋಕಸಭೆಗೆ: ಸ್ವಾಮಿ ರಾಮಾನಂದ ತೀರ್ಥರು
(ಬಾನುಲಿ ಭಾಷಣ)

ಶಾಲೆಯ ಮಾಸ್ತರರೊಬ್ಬರು ರಾಜಕಾರಣಕ್ಕೆ ಇಳಿದರೆಂದರೆ ನಮ್ಮ ಜನ ಎರಡು ಬಗೆಯಾಗಿ ಮಾತನಾಡುತ್ತಾರೆ. ಊರಿಗೆ ಒಬ್ಬ ಒಳ್ಳೆಯ ಮಾಸ್ತರು ಕಡಮೆಯಾದರಲ್ಲಾ ಎಂದು ಕೆಲವರು ಮರುಗುತ್ತಾರೆ. ಸಭೆಯಲ್ಲಿ ಓದುಬರಹ ಬಲ್ಲವರೊಬ್ಬರು ಕುಳಿತಂತಾಯಿತು ಎಂದು ಉಳಿದವರು ಸಮಾಧಾನಪಡುತ್ತಾರೆ. ಎರಡೂ ಮಾತಿನಲ್ಲಿ ಸತ್ಯಾಂಶವಿದೆ. ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸಕ್ಕೂ ನಾಡಿನ ಆಡಳಿತವನ್ನು ತಿದ್ದುವ ಕೆಲಸಕ್ಕೂ ಒಳಗಿನ ನಂಟೇನಾದರೂ ಇದೆಯೆ? ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದವನು ಏನನ್ನು ಪಡೆಯುತ್ತಾನೆ, ಏನನ್ನು ಕಳೆದುಕೊಳ್ಳುತ್ತಾನೆ? ಜೀವಮಾನವನ್ನೆಲ್ಲ ಪಾಠ ಹೇಳುವುದರಲ್ಲಿಯೆ ಕಳೆದು ನಿವೃತ್ತನಾದ ನನಗೆ ಈ ಪ್ರಶ್ನೆ ಬಹುಕಾಲದಿಂದ ಕಾಡಿದೆ. ಅದಕ್ಕೆ ಉತ್ತರವನ್ನು ನಮ್ಮ ಕಲಬುರಗಿ ಸೀಮೆಯ ಜನ ಲೋಕಸಭೆಗೆ ಆರಿಸಿ ಕಳಿಸಿದ ಒಬ್ಬ ಶಾಲಾ ಉಪಾಧ್ಯಾಯರ ಬದುಕಿನಲ್ಲಿ ಹುಡುಕಬಹುದೆಂದು ತೋರುತ್ತದೆ. ಅವರೇ ಸ್ವಾಮಿ ರಾಮಾನಂದ ತೀರ್ಥರು.

ಅವರ ಕಥೆಗೆ ಮೊದಲು ದೂರದ ದೇಶದ ಒಂದು ನಿದರ್ಶನವನ್ನು ಹೇಳಬೇಕು. ಸ್ವಿಟ್ಜರ್ಲೆಂಡಿನಲ್ಲಿ ನ್ಯೂಮಾ ದ್ರೋ ಎಂಬ ಒಬ್ಬನಿದ್ದ. ೧೮೪೪ರಲ್ಲಿ ಲಾ ಶೋ-ದ-ಫೋಂ ಎಂಬ ಗಡಿಯಾರ ತಯಾರಿಸುವವರ ಊರಿನಲ್ಲಿ ಹುಟ್ಟಿದವನು. ಕೆತ್ತನೆಯ ಕೆಲಸ ಕಲಿತ, ಅದನ್ನು ಬಿಟ್ಟು ಶಾಲಾ ಉಪಾಧ್ಯಾಯನಾದ, ಆಮೇಲೆ ಪತ್ರಿಕೆಯ ಸಂಪಾದಕನಾದ. ತನ್ನ ಪ್ರಾಂತದ ಶಾಸನಸಭೆಗೆ ಆರಿಸಿ ಬಂದು, ಅಲ್ಲಿನ ಸರ್ಕಾರದಲ್ಲಿ ಶಿಕ್ಷಣದ ಹೊಣೆ ಹೊತ್ತು, ೧೮೭೫ರಲ್ಲಿ ಮೂವತ್ತೊಂದನೆಯ ವಯಸ್ಸಿಗೇ ದೇಶದ ಏಳು ಮಂದಿಯ ಮಂತ್ರಿಮಂಡಲದಲ್ಲಿ ಒಬ್ಬನಾದ. ೧೮೮೧ರಲ್ಲಿ, ಮತ್ತೆ ೧೮೮೭ರಲ್ಲಿ, ಆ ದೇಶದ ಅಧ್ಯಕ್ಷ ಪದವಿಯಲ್ಲಿ ಕುಳಿತ. ಇದನ್ನು ಕೇಳಿದಾಗ ನಮಗೆ ಆಶ್ಚರ್ಯವಾಗುವುದು ಸಹಜ. ಆದರೆ ಆ ನಾಡಿನವರಿಗೆ ಇದು ಪವಾಡವೆನಿಸಲಿಲ್ಲ. ಅಲ್ಲಿ ಊರಿಗೊಂದು ಪಂಚಾಯಿತಿ, ಅದರ ಮೇಲೆ ಪ್ರಾಂತದ ಸಭೆ, ಅದರ ಮೇಲೆ ದೇಶದ ಸಭೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಏಣಿ ಮೊದಲೇ ನಿಂತಿತ್ತು. ಮಾಸ್ತರನಿಗೆ ಅದನ್ನು ಏರುವ ಶಕ್ತಿಯೊಂದಿದ್ದರೆ ಸಾಕಾಗಿತ್ತು.

ನಮ್ಮ ಸೀಮೆಯಲ್ಲಿ ಆ ಏಣಿಯೇ ಇರಲಿಲ್ಲ. ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಸರ್ಕಾರದ ಭಾಷೆ ಮಾತ್ರ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣ ಕೊಟ್ಟಿತೆಂಬ ಕೀರ್ತಿಗೆ ಪಾತ್ರವಾಯಿತು. ಅದು ನ್ಯಾಯವಾದ ಕೀರ್ತಿಯೇ. ಆದರೆ ಆ ದೇಶಭಾಷೆ ಯಾದಗಿರಿಯ ಒಕ್ಕಲಿಗನ ಮನೆಯಲ್ಲಿ ಆಡುವ ಭಾಷೆಯಾಗಿರಲಿಲ್ಲ. ಕನ್ನಡದಲ್ಲಿ ಕಲಿಸುವ ಹಂಬಲವಿದ್ದವರು ಸ್ವಂತ ಬಲದಿಂದ ಶಾಲೆ ಕಟ್ಟಬೇಕಾಗಿತ್ತು. ಕಲಬುರಗಿಯಲ್ಲಿ ೧೯೦೭ರಲ್ಲಿ ಹುಟ್ಟಿದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ನಡೆಸಿದ ಹಮ್‌ದರ್ದ್ ಶಾಲೆ ಅಂಥ ಸಾಹಸದ ಫಲಗಳು.

ಶಾಲೆಯ ಸ್ಥಿತಿ ಹೀಗಿದ್ದರೆ ಸಭೆಯ ಸ್ಥಿತಿ ಇನ್ನೂ ಕಷ್ಟ. 'ಗಸ್ತಿ ನಿಶಾನ್ ೫೩' ಎಂದು ಹೆಸರಾದ ಸುತ್ತೋಲೆಯ ಪ್ರಕಾರ ಸರ್ಕಾರದ ಅಪ್ಪಣೆಯಿಲ್ಲದೆ ಸಾರ್ವಜನಿಕ ಸಭೆ ಸೇರುವಂತಿರಲಿಲ್ಲ. ನನ್ನ ಮುತ್ಯಾ ಆ ಕಾಲವನ್ನು ಕಂಡವರು. "ನಾಕು ಮಂದಿ ಕೂಡಿ ಪುರಾಣ ಹಚ್ಚಬೇಕಂದ್ರೂ ತಹಸೀಲಕ್ಕ ಹೋಗಿ ಪರವಾನಗಿ ತರಬೇಕಿತ್ತು ತಮ್ಮಾ" ಎಂದು ಅವರು ಹೇಳುತ್ತಿದ್ದುದು ನನ್ನ ಕಿವಿಯಲ್ಲಿದೆ. ನಮ್ಮದಕ್ಕೆ ಮೊಗಲಾಯಿ ಎಂದೂ, ಗಡಿಯಾಚೆಯ ವಿಜಾಪುರ ಜಿಲ್ಲೆಗೆ ಇಂಗ್ರೇಜಿ ಸೀಮೆ ಎಂದೂ ಅವರು ಕರೆಯುತ್ತಿದ್ದರು. ಈಚೆ ಚಲಾವಣೆಯಾಗುತ್ತಿದ್ದುದು ಹಾಲಿ ರೂಪಾಯಿ, ಆಚೆ ಕಲ್ದಾರ್. ಒಂದು ದಿನದ ಬಂಡಿಯ ಹಾದಿಯಲ್ಲಿ ನಾಣ್ಯ ಬದಲಾಗುತ್ತಿತ್ತು, ಕಾಯಿದೆ ಬದಲಾಗುತ್ತಿತ್ತು, ಕನ್ನಡ ಮಾತ್ರ ಬದಲಾಗುತ್ತಿರಲಿಲ್ಲ.

ಸುರಪುರದ ಇತಿಹಾಸ ಬಲ್ಲವರಿಗೆ ಇನ್ನೊಬ್ಬ ಗುರುವಿನ ನೆನಪಾಗದೆ ಇರದು. ೧೮೪೧ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ ಬಾಲಕ ರಾಜ ವೆಂಕಟಪ್ಪ ನಾಯಕರ ಮೇಲ್ವಿಚಾರಣೆ ಹೊತ್ತು ೧೮೫೩ರವರೆಗೆ ಆಡಳಿತ ನಡೆಸಿದ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಟೇಲರ್ ಸಹೃದಯಿ, ಜನಕ್ಕೆ ಉಪಕಾರ ಮಾಡಿದವನು. ಆದರೆ ಅವನ ಕಲಿಸುವಿಕೆ ಮೇಲಿನಿಂದ ಕೆಳಗೆ ಇಳಿದು ಬಂದದ್ದು. ೧೮೫೮ರಲ್ಲಿ ಆ ಶಿಷ್ಯ ಇಂಗ್ಲಿಷರ ಮೇಲೆ ಕತ್ತಿ ಎತ್ತಿದ, ಸೋತ, ಸೆರೆಯಾದ, ಸೆರೆವಾಸಕ್ಕೆ ಹೋಗುವ ಹಾದಿಯಲ್ಲಿ ಗುಂಡೇಟಿನಿಂದ ಮಡಿದ. ೧೮೬೦ರಲ್ಲಿ ಸುರಪುರ ನಿಜಾಮನ ಕೈಸೇರಿತು. ಆಳುವವನೇ ಗುರುವಾದಾಗ ಕಲಿಕೆಗೆ ಎಲ್ಲಿ ಮಿತಿ ಬೀಳುತ್ತದೆ ಎಂಬುದಕ್ಕೆ ಆ ಕಥೆ ಸಾಕ್ಷಿ. ಶಿಷ್ಯ ತಾನಾಗಿ ಯೋಚಿಸತೊಡಗಿದ ಗಳಿಗೆಯಲ್ಲಿ ಅಂಥ ಗುರು ಮತ್ತೆ ಆಳುವವನ ಪಕ್ಷದಲ್ಲಿಯೆ ನಿಲ್ಲಬೇಕಾಗುತ್ತದೆ. ಇದಕ್ಕೆ ಸರಿಯಾಗಿ ಎಪ್ಪತ್ತು–ಎಂಬತ್ತು ವರ್ಷಗಳ ತರುವಾಯ ಇದೇ ಸಂಸ್ಥಾನದಲ್ಲಿ ಬೇರೆ ಬಗೆಯ ಗುರುವೊಬ್ಬ ಕಾಣಿಸಿಕೊಂಡ.

ವೆಂಕಟೇಶ ಖೇಡಗಿಕರ್ ಎಂಬುದು ಅವರ ಪೂರ್ವಾಶ್ರಮದ ಹೆಸರು. ಹುಟ್ಟಿದ್ದು ೧೯೦೩ರ ಅಕ್ಟೋಬರ್ ೩ರಂದು, ಸಿಂದಗಿಯಲ್ಲಿ. ಸಿಂದಗಿಯೆಂದರೆ ನಮ್ಮ ಸುರಪುರ, ಶಹಾಪುರಗಳಿಂದ ಪಶ್ಚಿಮಕ್ಕೆ ಹೊರಟವರಿಗೆ ಗಡಿ ದಾಟಿದ ಕೂಡಲೆ ಸಿಗುವ ಸೀಮೆ. ಮೊಗಲಾಯಿಯ ಹೊಸ್ತಿಲಾಚೆ ಹುಟ್ಟಿದ ಮಗು ಮುಂದೆ ಮೊಗಲಾಯಿಯ ಬಾಗಿಲನ್ನೇ ತೆರೆಯುವವನಾದ. ಓದು ಸೊಲ್ಲಾಪುರದಲ್ಲಿ. ಗಾಂಧೀಜಿಯ ಅಸಹಕಾರದ ಕರೆ ಬಂದಾಗ ಸರ್ಕಾರಿ ಶಾಲೆಯನ್ನು ತೊರೆದ ಸಾವಿರಾರು ವಿದ್ಯಾರ್ಥಿಗಳಲ್ಲಿ ವೆಂಕಟೇಶನೂ ಒಬ್ಬ. ಉಳಿದ ವಿದ್ಯಾಭ್ಯಾಸವನ್ನು ರಾಷ್ಟ್ರೀಯ ಶಿಕ್ಷಣ ಸಂಸ್ಥೆಗಳಲ್ಲಿ ಪೂರೈಸಿ, ಪುಣೆಯ ತಿಲಕ ಮಹಾರಾಷ್ಟ್ರ ವಿದ್ಯಾಪೀಠದಿಂದ ಎಂ.ಎ. ಪದವಿ ಪಡೆದರು. ಕಾರ್ಮಿಕರ ಹಿತಕ್ಕಾಗಿ ದುಡಿದ ಎನ್. ಎಂ. ಜೋಶಿಯವರ ಬಳಿ ಕೆಲಕಾಲ ಕಾರ್ಯದರ್ಶಿಯಾಗಿದ್ದರು. ಗಿರಣಿಯ ಕೂಲಿಕಾರರ ಬದುಕನ್ನು ಹತ್ತಿರದಿಂದ ನೋಡುವ ಅವಕಾಶ ಅಲ್ಲಿ ದೊರೆಯಿತು. ಮುಂದೆ ಅವರು ಭೂಮಿಯ ಪ್ರಶ್ನೆಯನ್ನು ಗೇಣಿದಾರನ ಕಡೆಯಿಂದಲೇ ನೋಡಿದುದಕ್ಕೆ ಆ ದಿನಗಳ ಅನುಭವವೂ ಕಾರಣವಾಗಿರಬೇಕು.

೧೯೨೯ರಲ್ಲಿ ಅವರು ಹೈದರಾಬಾದ್ ಸಂಸ್ಥಾನದೊಳಕ್ಕೆ ಬಂದರು. ಬಂದದ್ದು ರಾಜಧಾನಿಗಲ್ಲ, ಉಸ್ಮಾನಾಬಾದ್ ಜಿಲ್ಲೆಯ, ಅಂದರೆ ಈಗಿನ ಧಾರಾಶಿವ ಜಿಲ್ಲೆಯ, ಹಿಪ್ಪರಗಾ ಎಂಬ ಹಳ್ಳಿಗೆ. ಅಲ್ಲಿನ ರಾಷ್ಟ್ರೀಯ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿಂತರು. ೧೯೩೦ರ ದಶಕದ ಮೊದಲ ಭಾಗದಲ್ಲಿ ಸಂನ್ಯಾಸ ಸ್ವೀಕರಿಸಿ ರಾಮಾನಂದ ತೀರ್ಥರಾದರು. ನಮ್ಮಲ್ಲಿ ಸಂನ್ಯಾಸವೆಂದರೆ ಲೋಕವ್ಯವಹಾರಕ್ಕೆ ಬೆನ್ನು ತಿರುಗಿಸುವುದೆಂದು ತಿಳಿಯುವ ರೂಢಿಯಿದೆ. ಇವರು ಕಾವಿ ಉಟ್ಟ ಮೇಲೂ ಶಾಲೆ ಬಿಡಲಿಲ್ಲ, ಮಠ ಕಟ್ಟಲಿಲ್ಲ. ತನ್ನದೆಂಬ ಸಂಸಾರವಿಲ್ಲದ ಮೇಲೆ ಊರಿನ ಮಕ್ಕಳೆಲ್ಲ ತನ್ನವರೇ ಎಂಬ ಭಾವದಿಂದ ಪಾಠ ಮುಂದುವರಿಸಿದರು. ಹಿಪ್ಪರಗಾದಿಂದ ಮುಂದೆ ಮೊಮಿನಾಬಾದಿಗೆ, ಎಂದರೆ ಅಂಬಾಜೋಗಾಯಿಗೆ, ಬಂದು ಅಲ್ಲಿಯೂ ಶಾಲೆಯನ್ನು ಬೆಳೆಸಿದರು. ಹೀಗೆ ಸುಮಾರು ಒಂಬತ್ತು ವರ್ಷ ಮಾಸ್ತರಿಕೆಯೇ ಅವರ ಸಾಧನೆಯಾಗಿತ್ತು.

ಹಾಗಾದರೆ ೧೯೩೮ರಲ್ಲಿ ಅವರು ಶಾಲೆಯನ್ನು ಬಿಟ್ಟು ರಾಜಕಾರಣಕ್ಕೆ ಏಕೆ ಬಂದರು? ಈ ಪ್ರಶ್ನೆಯೇ ಅವರ ಜೀವನದ ತಿರುಳು. ರಾಷ್ಟ್ರೀಯ ಶಾಲೆಯ ಮಾಸ್ತರನ ಸಂಕಟವನ್ನು ಊಹಿಸಿ ನೋಡಿ. ಮಗುವಿಗೆ ಓದಲು ಕಲಿಸುತ್ತಾನೆ. ಓದಬೇಕೆಂದರೆ ಪತ್ರಿಕೆಗೆ ನಿರ್ಬಂಧ. ಮಾತನಾಡಲು ಕಲಿಸುತ್ತಾನೆ, ಮಾತನಾಡಬೇಕೆಂದರೆ ಸಭೆಗೆ ನಿರ್ಬಂಧ. ತಾಯ್ನುಡಿಯಲ್ಲಿ ಬರೆಯಲು ಕಲಿಸುತ್ತಾನೆ. ಅರ್ಜಿ ಹಾಕಬೇಕೆಂದರೆ ದಫ್ತರದಲ್ಲಿ ಆ ನುಡಿಗೆ ಸ್ಥಾನವಿಲ್ಲ. ಪಾಠಕ್ಕೂ ಬದುಕಿಗೂ ನಡುವೆ ಇಂಥದೊಂದು ಗೋಡೆ ನಿಂತಿರುವಾಗ ಪ್ರಾಮಾಣಿಕನಾದ ಉಪಾಧ್ಯಾಯನ ಮುಂದೆ ಎರಡೇ ದಾರಿ. ಗೋಡೆ ಇದೆಯೆಂಬುದನ್ನು ಮಕ್ಕಳಿಂದ ಮರೆಮಾಡಬೇಕು, ಇಲ್ಲವೆ ಶಾಲೆಯಿಂದ ಹೊರಗೆ ಬಂದು ಗೋಡೆಗೆ ಕೈಹಚ್ಚಬೇಕು. ಸ್ವಾಮೀಜಿ ಎರಡನೆಯದನ್ನು ಆರಿಸಿಕೊಂಡರು. ಆದ್ದರಿಂದ ಅವರು ಮಾಸ್ತರಿಕೆಯನ್ನು ತೊರೆದರೆನ್ನುವುದಕ್ಕಿಂತ ಅದನ್ನು ಅದರ ತಾರ್ಕಿಕ ಕೊನೆಯವರೆಗೆ ಕೊಂಡೊಯ್ದರೆನ್ನುವುದೇ ಸರಿಯಾದೀತು.

ಆಗ ಸಂಸ್ಥಾನದ ಮೂರು ಭಾಷೆಯ ಜನರಿಗೆ ಮೂರು ವೇದಿಕೆಗಳಿದ್ದವು: ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತು. ಮೂವರೂ ಒಂದಾಗಿ ಜವಾಬ್ದಾರಿ ಸರ್ಕಾರವನ್ನು ಕೇಳಬೇಕೆಂಬ ಆಶಯದಿಂದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಸ್ಥಾಪಿಸಹೊರಟರು. ೧೯೩೮ರ ಸೆಪ್ಟೆಂಬರಿನಲ್ಲಿ, ಸಂಸ್ಥೆ ವಿಧಿಪೂರ್ವಕವಾಗಿ ಹುಟ್ಟುವುದಕ್ಕೆ ಮೊದಲೇ, ಸರ್ಕಾರ ಅದನ್ನು ನಿಷೇಧಿಸಿತು. ಹುಟ್ಟದ ಕೂಸಿಗೆ ಕುಲಾವಿಯ ಬದಲು ಬೇಡಿ ಹೊಲಿಸಿದಂತಾಯಿತು. ಅಕ್ಟೋಬರ್ ೨೪ರಂದು ಸತ್ಯಾಗ್ರಹ ಆರಂಭವಾಯಿತು. ತಂಡ ತಂಡವಾಗಿ ಜನ ಸೆರೆಮನೆಗೆ ನಡೆದರು. ಸ್ವಾಮೀಜಿಯೂ ಸೆರೆಯಾದರು. ಅದೇ ವರ್ಷದ ಕೊನೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಂದೇಮಾತರಂ ಹಾಡುವ ಹಕ್ಕಿಗಾಗಿ ಮುಷ್ಕರ ಹೂಡಿದರು. ಹೊರಹಾಕಿಸಿಕೊಂಡವರಲ್ಲಿ ಹಲವರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಮುಂದೆ ದೇಶದ ಪ್ರಧಾನಿಯಾದ ಪಿ. ವಿ. ನರಸಿಂಹರಾಯರು ಆ ಪೀಳಿಗೆಯವರು. ಸ್ವಾಮೀಜಿಯವರನ್ನು ಗುರುವೆಂದು ಭಾವಿಸಿದವರು.

ಎಂಟು ವರ್ಷ ಕಾಲ ನಿಷೇಧ ಮುಂದುವರಿಯಿತು. ಆ ಅವಧಿಯಲ್ಲಿ ವೈಯಕ್ತಿಕ ಸತ್ಯಾಗ್ರಹಕ್ಕಾಗಿ ಒಮ್ಮೆ, ೧೯೪೨ರ ಚಳವಳಿಯಲ್ಲಿ ಮತ್ತೊಮ್ಮೆ, ಸ್ವಾಮೀಜಿ ಸೆರೆವಾಸ ಕಂಡರು. ೧೯೪೬ರಲ್ಲಿ ನಿಷೇಧ ತೆರವಾದಾಗ ಅಧ್ಯಕ್ಷ ಸ್ಥಾನ ಅವರ ಪಾಲಿಗೆ ಬಂತು. ಬ್ರಿಟಿಷರು ಹೊರಟ ಮೇಲೆ ತಾನು ಸ್ವತಂತ್ರ ದೊರೆಯಾಗುವುದಾಗಿ ೧೯೪೭ರ ಜೂನಿನಲ್ಲಿ ನಿಜಾಮ ಸಾರಿದ. ಆಗಸ್ಟ್ ೭ನ್ನು ಸ್ಟೇಟ್ ಕಾಂಗ್ರೆಸ್ ಭಾರತ ಒಕ್ಕೂಟಕ್ಕೆ ಸೇರುವ ಬೇಡಿಕೆಯ ದಿನವಾಗಿ ಆಚರಿಸಿತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಹೊತ್ತಿನಲ್ಲೇ ಸ್ವಾಮೀಜಿ ಬಂಧಿತರಾದರು. ನವೆಂಬರ್ ೨೯ರಂದು ಭಾರತಕ್ಕೂ ನಿಜಾಮನಿಗೂ ಯಥಾಸ್ಥಿತಿ ಒಪ್ಪಂದವಾದಾಗ ಬಿಡುಗಡೆ ಹೊಂದಿ, ೧೯೪೮ರ ಆರಂಭದಲ್ಲಿ ಮತ್ತೆ ಸೆರೆಮನೆ ಸೇರಿದರು.

ಆ ಹದಿಮೂರು ತಿಂಗಳು ನಮ್ಮ ಸೀಮೆಯ ಹಿರಿಯರ ಬಾಯಲ್ಲಿ 'ರಜಾಕಾರರ ಹಾವಳಿ' ಎಂಬ ಒಂದೇ ಹೆಸರಿನಿಂದ ಉಳಿದಿದೆ. ಗಡಿಯ ಹಳ್ಳಿಗಳ ಜನ ಮಕ್ಕಳು ಮರಿಗಳೊಡನೆ ಇಂಗ್ರೇಜಿ ಸೀಮೆಗೆ ಬಂಡಿ ಕಟ್ಟಿದರು. ಮುಂಡರಗಿ, ಗಜೇಂದ್ರಗಡಗಳಂಥ ಗಡಿಯೂರುಗಳಲ್ಲಿ ಹೋರಾಟಗಾರರ ಶಿಬಿರಗಳು ನಿಂತವು. ಅಲ್ಲಿಗೆ ಶಸ್ತ್ರವೂ ಬಂತು. ಗಾಂಧೀಜಿಯ ದಾರಿಯಲ್ಲಿ ಬಂದ ಸಂನ್ಯಾಸಿಯೊಬ್ಬ ಅಧ್ಯಕ್ಷನಾಗಿದ್ದ ಸಂಸ್ಥೆ ಬಂದೂಕು ಹಿಡಿಯಬೇಕಾಗಿ ಬಂದದ್ದು ಆ ಕಾಲದ ಕ್ರೌರ್ಯವನ್ನೂ ಹೇಳುತ್ತದೆ, ಆ ಆದರ್ಶದ ಸಂಕಟವನ್ನೂ ಹೇಳುತ್ತದೆ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಕೊಲ್ಲೂರು ಮಲ್ಲಪ್ಪ, ಜಗನ್ನಾಥರಾವ್ ಚಂಡ್ರಿಕಿ ಮೊದಲಾದವರು ಆ ಹೋರಾಟದ ಹೊಣೆ ಹೊತ್ತರು. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮ ಶರಣಾಗತಿಯನ್ನು ಸಾರಿದ. ಆ ದಿನವನ್ನು ಈಗ ನಾವು ಕಲ್ಯಾಣ ಕರ್ನಾಟಕದ ಉತ್ಸವವಾಗಿ ಆಚರಿಸುತ್ತೇವೆ.

ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಮೊದಲು ರಜಾಕಾರರ ಕೈಯಲ್ಲಿ ಒಂದು ಕಡೆಯ ಜನ ಬೆಂದರು. ಪೊಲೀಸ್ ಕಾರ್ಯಾಚರಣೆಯ ಅನಂತರ ಸೇಡಿನ ಕೈಯಲ್ಲಿ ಇನ್ನೊಂದು ಕಡೆಯ ನಿರಪರಾಧಿಗಳು ಬೆಂದರು. ಅದನ್ನು ವಿಚಾರಿಸಲು ಕಳಿಸಲಾದ ಪಂಡಿತ ಸುಂದರಲಾಲರ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ, ಬೀದರಗಳನ್ನೂ ಹೆಸರಿಸಿತು. ಸಂಸ್ಥಾನದಲ್ಲೆಲ್ಲ ಸತ್ತವರ ಸಂಖ್ಯೆ ೨೭,೦೦೦ದಿಂದ ೪೦,೦೦೦ ಇರಬಹುದೆಂದು ಅಂದಾಜು ಮಾಡಿತು. ಆ ವರದಿ ಬಹುಕಾಲ ಕಡತದಲ್ಲೇ ಉಳಿದಿತ್ತು. ವಿಮೋಚನೆಯ ಹಬ್ಬ ಮಾಡುವ ನಾವು ಈ ಎರಡು ನೋವುಗಳಲ್ಲಿ ಒಂದನ್ನಷ್ಟೇ ನೆನೆದರೆ ಅರ್ಧ ಪಾಠ ಓದಿ ಪುಸ್ತಕ ಮುಚ್ಚಿದಂತೆ. ಮೂರು ಭಾಷೆಯ, ಹಲವು ಮತಗಳ ಜನರನ್ನು ಒಂದೇ ಹಲಗೆಯ ಮೇಲೆ ಕೂಡಿಸಬೇಕೆಂದು ಹೊರಟ ಸ್ವಾಮೀಜಿಯಂಥವರ ಕನಸಿಗೆ ಆ ದಿನಗಳಲ್ಲಿ ಬಿದ್ದ ಪೆಟ್ಟು ಸಣ್ಣದಲ್ಲ.

ಸಂಸ್ಥಾನ ಬಿದ್ದ ಮೇಲೆ ಅವರಿಗೆ ಅಧಿಕಾರ ಕೈಗೆಟುಕುವ ದೂರದಲ್ಲಿತ್ತು. ಸೇನಾ ಆಡಳಿತ ನಡೆದು, ಅದರ ಹಿಂದೆ ಅಧಿಕಾರಿಗಳ ಆಡಳಿತ ನಡೆದು, ೧೯೫೨ರಲ್ಲಿ ಜನ ಆರಿಸಿದ ಮಂತ್ರಿಮಂಡಲ ಬಂತು. ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು. ಸ್ವಾಮೀಜಿಗೂ ಅವರಿಗೂ, ಇಬ್ಬರ ಬೆಂಬಲಿಗರಿಗೂ, ಹೊಂದಿಕೆಯಿರಲಿಲ್ಲವೆಂಬುದು ಆ ಕಾಲದ ರಾಜಕೀಯದಲ್ಲಿ ಎಲ್ಲರೂ ಬಲ್ಲ ಸಂಗತಿ. ಸಂನ್ಯಾಸಿಗೂ ಬಣದ ರಾಜಕಾರಣ ತಪ್ಪಲಿಲ್ಲ. ಆದರೆ ಆ ಬಣಗಳ ಹಿಂದೆ ನಿಜವಾದ ಭೇದವೊಂದಿತ್ತು. ಅದು ನೆಲದ ಪ್ರಶ್ನೆ. ೧೯೪೯ರಲ್ಲಿ ಜಹಗೀರುಗಳು ರದ್ದಾದವು. ೧೯೫೦ರಲ್ಲಿ ಗೇಣಿದಾರರಿಗೆ ರಕ್ಷಣೆ ಕೊಡುವ ಕಾಯಿದೆ ಬಂತು. ಈ ಸುಧಾರಣೆಗಳು ಕಾಗದದಲ್ಲಿ ನಿಲ್ಲಬಾರದು, ಉಳುವವನ ಹೊಲದವರೆಗೆ ಹೋಗಬೇಕು ಎಂಬ ಪಕ್ಷ ಸ್ವಾಮೀಜಿಯವರದಾಗಿತ್ತು.

ಆ ಮೊದಲ ಮಹಾಚುನಾವಣೆಯಲ್ಲಿ ಹೈದರಾಬಾದ್ ರಾಜ್ಯದ ಕನ್ನಡ ಸೀಮೆಯಲ್ಲಿ ಬೀದರ, ಗುಲಬರ್ಗಾ, ಯಾದಗಿರಿ, ಕುಷ್ಟಗಿ ಎಂಬ ಲೋಕಸಭಾ ಕ್ಷೇತ್ರಗಳಿದ್ದವು. ಗುಲಬರ್ಗಾದಿಂದ ಸ್ವಾಮಿ ರಾಮಾನಂದ ತೀರ್ಥರು ಆರಿಸಿ ಬಂದರು. ಯಾದಗಿರಿಯಿಂದ ಕೃಷ್ಣಾಚಾರ್ಯ ಜೋಶಿಯವರು, ಕುಷ್ಟಗಿಯಿಂದ ಪಕ್ಷೇತರರಾಗಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಗೆದ್ದರು. ಯಾದಗಿರಿಯ ಹೆಸರಿನಲ್ಲಿ ಒಂದು ಲೋಕಸಭಾ ಕ್ಷೇತ್ರವಿತ್ತೆಂದರೆ ಇಂದಿನ ತರುಣರು ನಂಬುವುದು ಕಷ್ಟ. ಮುಂದಿನ ಚುನಾವಣೆಯ ಹೊತ್ತಿಗೆ ಆ ಹೆಸರು ಪಟ್ಟಿಯಿಂದ ಮರೆಯಾಯಿತು. ಇಂದು ಯಾದಗಿರಿ, ಶಹಾಪುರ, ಸುರಪುರ ವಿಧಾನಸಭಾ ಕ್ಷೇತ್ರಗಳು ರಾಯಚೂರು ಲೋಕಸಭಾ ಕ್ಷೇತ್ರದೊಳಗಿವೆ. ಅದೇನೇ ಇರಲಿ, ಸಭೆ ಸೇರಲು ಪರವಾನಗಿ ಬೇಡುತ್ತಿದ್ದ ಜನ ಹದಿನಾಲ್ಕೇ ವರ್ಷಗಳಲ್ಲಿ ದೇಶದ ಮಹಾಸಭೆಗೆ ತಮ್ಮವರನ್ನು ಕಳಿಸಿದರು. ನ್ಯೂಮಾ ದ್ರೋ ಏರಿದ ಏಣಿ ಅವನು ಹತ್ತುವ ಮೊದಲೇ ನಿಂತಿತ್ತು. ನಮ್ಮ ಮಾಸ್ತರರು ಏಣಿಯನ್ನು ತಾವೇ ಕಟ್ಟಿ, ಬೇರೆಯವರನ್ನೂ ಹತ್ತಿಸಿ, ತಾವೂ ಹತ್ತಿದರು.

ಲೋಕಸಭೆಗೆ ಹೋದ ಮೇಲೆ ಅವರು ಹಿಡಿದ ಒಂದು ನಿಲುವು ನನಗೆ ಅವರ ಜೀವನದ ಅತ್ಯಂತ ದೊಡ್ಡ ಕಾರ್ಯವಾಗಿ ಕಾಣುತ್ತದೆ. ಹೈದರಾಬಾದ್ ರಾಜ್ಯ ಒಡೆಯಬೇಕು, ಅದರ ಮೂರು ಭಾಗಗಳು ತಮ್ಮ ತಮ್ಮ ಭಾಷೆಯ ನೆರೆನಾಡುಗಳೊಡನೆ ಕೂಡಬೇಕು ಎಂದು ಅವರು ವಾದಿಸಿದರು. ಮೂರು ಸಂಸ್ಕೃತಿಗಳು ಬೆರೆತ ಆ ರಾಜ್ಯ ಒಂದಾಗಿ ಉಳಿದರೆ ಚೆನ್ನೆಂದು ಬಯಸಿದವರು ಕಡಮೆಯಿರಲಿಲ್ಲ. ನೆಹರೂ ಅವರೂ ಮೊದಮೊದಲು ಒಡೆಯುವುದಕ್ಕೆ ಒಪ್ಪಿರಲಿಲ್ಲ. ಸ್ವಾಮೀಜಿಯ ಪ್ರಭಾವವಿದ್ದದ್ದು ಆ ಇಡೀ ರಾಜ್ಯದಲ್ಲಿ. ಅದು ಒಡೆದರೆ ಅವರ ಪ್ರಭಾವವೂ ಮೂರು ತುಂಡಾಗುತ್ತದೆ ಎಂಬುದನ್ನು ತಿಳಿಯದಷ್ಟು ಮುಗ್ಧರಲ್ಲ ಅವರು. ತಾನು ನಿಂತ ಕೊಂಬೆಯನ್ನು ಮೂರ್ಖ ಕಡಿಯುತ್ತಾನೆಂಬ ಗಾದೆಯಿದೆ. ಕೆಳಗಿನ ಬೆಳೆಗೆ ಬಿಸಿಲು ಬೇಕೆಂದು ತಿಳಿದೇ ಕಡಿಯುವವನೂ ಒಬ್ಬನಿರುತ್ತಾನೆ. ಆಡಳಿತ ಜನರ ಭಾಷೆಯಲ್ಲಿ ನಡೆಯದಿದ್ದರೆ ಪ್ರಜಾಪ್ರಭುತ್ವ ಪೊಳ್ಳು ಎಂಬುದು ಹಿಪ್ಪರಗಾದ ಮಾಸ್ತರನಿಗೆ ಪುಸ್ತಕದಿಂದ ಬಂದ ತಿಳಿವಳಿಕೆಯಾಗಿರಲಿಲ್ಲ.

೧೯೫೫ರಲ್ಲಿ ಫಜಲ್ ಅಲಿಯವರ ಆಯೋಗ ವರದಿ ಕೊಟ್ಟಿತು. ೧೯೫೬ರ ನವೆಂಬರ್ ೧ರಂದು ಗುಲಬರ್ಗಾ, ರಾಯಚೂರು ಜಿಲ್ಲೆಗಳು ಕೆಲವು ತಾಲ್ಲೂಕುಗಳನ್ನು ಬಿಟ್ಟು, ಬೀದರ ಜಿಲ್ಲೆಯ ಕನ್ನಡ ಭಾಗಗಳೊಡನೆ, ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಮರಾಠವಾಡ ಮುಂಬಯಿ ರಾಜ್ಯಕ್ಕೆ, ತೆಲಂಗಾಣ ಆಂಧ್ರ ಪ್ರದೇಶಕ್ಕೆ ಹೋದವು. ಸಿಂದಗಿಗೂ ಸುರಪುರಕ್ಕೂ ನಡುವೆ ಶತಮಾನ ಕಾಲ ಇದ್ದ ಗಡಿ ಅಂದು ಅಳಿಸಿಹೋಯಿತು. ಅದನ್ನು ಅಳಿಸಲು ದುಡಿದವರಲ್ಲಿ ಸಿಂದಗಿಯಲ್ಲಿ ಹುಟ್ಟಿದವರೊಬ್ಬರಿದ್ದರು. ಆದರೆ ಅದೇ ದಿನ ಅವರ ಕ್ಷೇತ್ರ ಒಂದು ರಾಜ್ಯದಲ್ಲೂ ಅವರ ಕಾರ್ಯಭೂಮಿ ಇನ್ನೊಂದು ರಾಜ್ಯದಲ್ಲೂ ಉಳಿದವು. ೧೯೫೭ರಲ್ಲಿ ಅವರು ಔರಂಗಾಬಾದಿನಿಂದ ಲೋಕಸಭೆಗೆ ಆಯ್ಕೆಯಾದರು. ಆ ಅವಧಿ ಮುಗಿದ ಮೇಲೆ ಚುನಾವಣೆಯ ರಾಜಕಾರಣದಿಂದ ದೂರ ಸರಿದರು. ಮಂತ್ರಿಪದವಿಯನ್ನು ಹಿಡಿಯಲೇ ಇಲ್ಲ. ಶಿಕ್ಷಣ ಸಂಸ್ಥೆಗಳ ಮೇಲಿನ ಮಮತೆ ಮಾತ್ರ ಕೊನೆಯವರೆಗೆ ಉಳಿಯಿತು. ನಾಂದೇಡಿನ ಪೀಪಲ್ಸ್ ಕಾಲೇಜಿನ ಸ್ಥಾಪನೆಯ ಹಿಂದೆ ಅವರ ಕೈಯಿತ್ತು. ಹೈದರಾಬಾದ್ ಸ್ವಾತಂತ್ರ್ಯ ಹೋರಾಟದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು ೧೯೬೭ರಲ್ಲಿ ಪ್ರಕಟಿಸಿದರು. ೧೯೭೨ರ ಜನವರಿ ೨೨ರಂದು ಹೈದರಾಬಾದಿನಲ್ಲಿ ನಿಧನರಾದರು.

ಮರಾಠವಾಡ ಅವರನ್ನು ಮರೆಯಲಿಲ್ಲ. ನಾಂದೇಡಿನಲ್ಲಿ ೧೯೯೪ರ ಸೆಪ್ಟೆಂಬರ್ ೧೭ರಂದು ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಟ್ಟರು. ನಮ್ಮಲ್ಲಿ? ಬಿ.ಎ. ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ನಾನು ಅವರ ಹೆಸರು ಹೇಳಿ ಯಾರೆಂದು ಕೇಳುತ್ತಿದ್ದೆ. ಯಾವುದೋ ಮಠದ ಸ್ವಾಮಿಗಳಿರಬೇಕು ಸರ್ ಎಂಬ ಉತ್ತರವೇ ಹೆಚ್ಚು ಸಲ ಬಂದದ್ದು. ಹುಡುಗರನ್ನು ದೂರಿ ಫಲವಿಲ್ಲ. ನಾಡು ಭಾಷೆಯ ಗೆರೆಯ ಮೇಲೆ ಹಂಚಿಹೋದಾಗ ನೆನಪುಗಳೂ ಅದೇ ಗೆರೆಯ ಮೇಲೆ ಹಂಚಿಹೋದವು. ಕನ್ನಡದವರು ಕನ್ನಡದ ಹೋರಾಟಗಾರರನ್ನು, ಮರಾಠಿಯವರು ಮರಾಠಿಯವರನ್ನು, ತೆಲುಗಿನವರು ತೆಲುಗಿನವರನ್ನು ಇಟ್ಟುಕೊಂಡರು. ಕನ್ನಡ ನೆಲದಲ್ಲಿ ಹುಟ್ಟಿ, ಮರಾಠಿಯಲ್ಲಿ ಪಾಠ ಹೇಳಿ, ಕನ್ನಡಿಗರ ಮತದಿಂದ ದೆಹಲಿಗೆ ಹೋಗಿ, ತೆಲುಗರ ನಡುವೆ ಕಣ್ಣು ಮುಚ್ಚಿದವರನ್ನು ಯಾರ ಪಾಲಿಗೆ ಹಾಕುವುದು? ಭಾಷಾವಾರು ರಾಜ್ಯಗಳಿಗಾಗಿ ವಾದಿಸಿದವರು ಆ ರಾಜ್ಯಗಳ ನಡುವಿನ ಗೆರೆಯ ಮೇಲೆಯೇ ಉಳಿದುಬಿಟ್ಟದ್ದು ಇತಿಹಾಸದ ಒಂದು ವಿಪರ್ಯಾಸ. ಆ ಪಾಲುಪಟ್ಟಿಯಲ್ಲಿ ನಮಗೆ ಬರಬೇಕಾದ ಅಂಶವನ್ನು ಕೇಳಿ ಪಡೆಯುವುದು ನಮ್ಮ ಹಕ್ಕು.

ಕೇಳುಗರೆ, ಒಬ್ಬರ ಹೆಸರನ್ನು ಜಪಿಸುವುದೇ ಇದರ ಉದ್ದೇಶವಾಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಸ್ವತಂತ್ರ ಜಿಲ್ಲೆಯಾದ ಅನಂತರದ ಮೊದಲ ಜನಗಣತಿ ೨೦೧೧ರದು. ಅದರ ಪ್ರಕಾರ ರಾಜ್ಯದ ಸಾಕ್ಷರತೆ ಶೇಕಡ ೭೫.೩೬. ಯಾದಗಿರಿ ಜಿಲ್ಲೆಯದು ಶೇಕಡ ೫೧.೮೩, ರಾಜ್ಯದಲ್ಲಿಯೇ ಎಲ್ಲಕ್ಕಿಂತ ಕೆಳಗಿನದು. ಸಂವಿಧಾನದ ೩೭೧ (ಜೆ) ವಿಧಿಯ ಮೂಲಕ ನಮ್ಮ ಭಾಗಕ್ಕೆ ಓದು, ಉದ್ಯೋಗಗಳಲ್ಲಿ ವಿಶೇಷ ಅವಕಾಶ ದೊರೆತದ್ದು ದೊಡ್ಡ ಮಾತು. ಆದರೆ ಕಾಲೇಜಿನ ಬಾಗಿಲಲ್ಲಿ ಕಾದಿರಿಸಿದ ಸ್ಥಾನ ಉಪಯೋಗಕ್ಕೆ ಬರುವುದು ಪ್ರಾಥಮಿಕ ಶಾಲೆಯ ಬಾಗಿಲನ್ನು ದಾಟಿ ಬಂದ ಮಗುವಿಗೆ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ನಮ್ಮ ಹಳ್ಳಿಯ ಶಾಲೆಗಳ ಹಾಜರಿ ಪುಸ್ತಕವನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಳುವವರ ಭಾಷೆ ಬದಲಾಯಿತು, ಏಣಿಯೂ ನಿಂತಿತು. ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡಲಾಗದ ಮಕ್ಕಳು ಇನ್ನೂ ನೆಲದ ಮೇಲೆಯೇ ಇದ್ದಾರೆ.

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮಾಸ್ತರು ರಾಜಕಾರಣಕ್ಕೆ ಹೋದರೆ ಊರಿಗೆ ನಷ್ಟವೆ, ಲಾಭವೆ? ಶಾಲೆಯಲ್ಲಿ ಕಲಿಸಿದ್ದನ್ನು ಬದುಕಿನಲ್ಲಿ ಸಾಧ್ಯಮಾಡುವುದಕ್ಕೆಂದು ಹೋದರೆ ಲಾಭ; ಶಾಲೆಯನ್ನು ಮರೆಯುವುದಕ್ಕೆಂದು ಹೋದರೆ ನಷ್ಟ. ರಾಮಾನಂದ ತೀರ್ಥರು ಸೆರೆಮನೆಗೆ ಹೋದರು, ದೆಹಲಿಗೂ ಹೋದರು. ಎಲ್ಲಿಗೆ ಹೋದರೂ ಅವರ ಕೈಯಲ್ಲಿ ಹಿಪ್ಪರಗಾದ ಸುಣ್ಣದ ಕಡ್ಡಿ ಇದ್ದೇ ಇತ್ತು. ಇಂದು ಶಹಾಪುರದ ಕಡೆಯ ಒಂದು ಹಳ್ಳಿಯಲ್ಲಿ, ಒಂದೇ ಕೋಣೆಯಲ್ಲಿ ಮೂರು ತರಗತಿಗಳನ್ನು ಕೂಡಿಸಿಕೊಂಡು ಪಾಠ ಹೇಳುತ್ತಿರುವ ತರುಣ ಶಿಕ್ಷಕ ಶಿಕ್ಷಕಿಯರು ಲೋಕಸಭೆಗೆ ಹೋಗಲಿ, ಬಿಡಲಿ. ತಾವು ಕಲಿಸುವ ಅಕ್ಷರ ಮಗುವಿನ ಬದುಕಿನಲ್ಲಿ ಯಾವ ಗೋಡೆಗೆ ತಾಗಿ ನಿಲ್ಲುತ್ತಿದೆ ಎಂದು ಅವರು ಒಮ್ಮೆ ಕೇಳಿಕೊಂಡರೆ ಸಾಕು. ಸ್ವಾಮೀಜಿಯ ರಾಜಕಾರಣ ಶುರುವಾದದ್ದು ಆ ಪ್ರಶ್ನೆಯಿಂದ.